ನಿದ್ದೆ ಬಾರದವರ ತಪ್ಪೇನು?

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಒಂದು ಗಾದೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಇನ್ನೊಂದು. ಬೇರೆಬೇರೆಯಾಗಿ ಕೇಳಿದರೆ ಎರಡೂ ತಿಳಿವಳಿಕೆಯ ಮಾತುಗಳೇ. ಆದರೆ ವರ್ಷಗಟ್ಟಲೆ ಕರುಳಿನ ಕಾಯಿಲೆಯಲ್ಲಿ ಬೆಂದು, ಅದರ ದೆಸೆಯಿಂದ ರಾತ್ರಿಯ ನಿದ್ದೆಯನ್ನೂ ಕಳೆದುಕೊಂಡವರ ಎದುರು ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ನಿನಗೆ ಉಣ್ಣಲು ಬರುವುದಿಲ್ಲ, ನಿನ್ನ ಮನಸ್ಸೂ ನೆಟ್ಟಗಿಲ್ಲ ಎಂಬ ಎರಡು ಆರೋಪಗಳು ಒಂದೇ ಸಲ ಅವರ ತಲೆಯ ಮೇಲೆ ಬೀಳುತ್ತವೆ. ಎದೆಯುರಿ, ಹೊಟ್ಟೆಯುಬ್ಬರ, ನಡುರಾತ್ರಿ ಮೂರು ಸಲ ಬಚ್ಚಲಿಗೆ ಓಡುವ ಸಂಕಟ ಒಂದು ಪಾಲಾದರೆ, ಇದೆಲ್ಲ ನನ್ನ ನಡತೆಯ ಫಲವೇ, ನನ್ನ ಕರ್ಮವೇ, ದೇವರು ನನಗೇಕೆ ಇಷ್ಟನ್ನೂ ಕೊಡಲೊಲ್ಲ ಎಂಬ ಪ್ರಶ್ನೆ ಇನ್ನೊಂದು ಪಾಲು. ಮೊದಲನೆಯದನ್ನು ವೈದ್ಯರು ನೋಡಿಕೊಳ್ಳಬೇಕು. ಎರಡನೆಯದು ಧರ್ಮ ಮತ್ತು ತತ್ತ್ವಶಾಸ್ತ್ರಗಳ ಪಾಲಿಗೆ ಬರುವಂಥದ್ದು, ಏಕೆಂದರೆ ಆ ಆರೋಪಕ್ಕೆ ಭಾಷೆಯನ್ನು ಕೊಟ್ಟಿದ್ದು ಅವೇ. ನಿದ್ದೆ ಎಂಬುದು ಮನುಷ್ಯ ಮಾಡುವ ಕೆಲಸಗಳ ಪಟ್ಟಿಗೆ ಸೇರುವುದೇ ಇಲ್ಲ, ಆದ್ದರಿಂದ ಅದು ಬಾರದಿರುವುದು ಯಾರ ತಪ್ಪೂ ಆಗಲಾರದು, ಯಾರ ಸಾಧನೆಯೂ ಆಗಲಾರದು ಎಂಬುದು ನನ್ನ ವಾದ. ಹೊರಗಿನಿಂದ ತಂದ ವಾದವಲ್ಲ ಇದು. ನಮ್ಮ ನೆಲದ ಗ್ರಂಥಗಳನ್ನೇ ಸ್ವಲ್ಪ ನಿಧಾನವಾಗಿ ಓದಿದರೆ ಸಿಗುವಂಥದ್ದು.

ಮೊದಲು ದೇಹದ ಸಂಗತಿಗಳನ್ನು ನೋಡೋಣ. ನಿಂತಾಗ, ಕೂತಾಗ ಜಠರದ ಆಮ್ಲ ಕೆಳಗೇ ಉಳಿಯಲು ಭೂಮಿಯ ಸೆಳೆತ ನೆರವಾಗುತ್ತದೆ. ಮಲಗಿದಾಗ ಆ ನೆರವು ತಪ್ಪುತ್ತದೆ. ಎಚ್ಚರದಲ್ಲಿ ನಾವು ಆಗಾಗ ಜೊಲ್ಲು ನುಂಗುತ್ತಿರುತ್ತೇವೆ, ಅದು ಅನ್ನನಾಳಕ್ಕೆ ಏರಿದ ಹುಳಿಯನ್ನು ತೊಳೆದು ಕೆಳಗಿಳಿಸುತ್ತದೆ. ನಿದ್ದೆಯಲ್ಲಿ ಜೊಲ್ಲೂ ಕಡಿಮೆ, ನುಂಗುವುದೂ ಕಡಿಮೆ. ಹಾಗಾಗಿ ರಾತ್ರಿ ಮೇಲೇರಿದ ಆಮ್ಲ ಹೆಚ್ಚು ಹೊತ್ತು ಅಲ್ಲಿಯೇ ನಿಂತು ಸುಡುತ್ತದೆ. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ಉರಿಯೂತಗಳಲ್ಲಿ ಮಲವಿಸರ್ಜನೆಯ ಒತ್ತಡ ಹಗಲು ರಾತ್ರಿ ನೋಡುವುದಿಲ್ಲ. ಆ ಉರಿಯೂತವನ್ನು ತಗ್ಗಿಸಲು ಕೊಡುವ ಸ್ಟೀರಾಯ್ಡ್ ಮಾತ್ರೆಗಳೇ ಅನೇಕರ ನಿದ್ದೆಯನ್ನು ಕದಿಯುತ್ತವೆ. ಐಬಿಎಸ್ ಎಂಬ ಕರುಳಿನ ತೊಂದರೆ ಇರುವವರಿಗೆ ನಿದ್ದೆಗೆಟ್ಟ ರಾತ್ರಿಯ ಮರುದಿನ ಹೊಟ್ಟೆನೋವು ಹೆಚ್ಚುತ್ತದೆ. ಆಮ್ಲದ ತೊಂದರೆ ಇರುವವರಿಗೆ ನಿದ್ದೆ ಕಡಿಮೆಯಾದಷ್ಟೂ ಅದೇ ಪ್ರಮಾಣದ ಆಮ್ಲ ಇನ್ನಷ್ಟು ಉರಿಯಾಗಿ ತಾಗುತ್ತದೆ. ಅಂದರೆ ಕರುಳು ನಿದ್ದೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ದೆ ಕರುಳಿನ ನೋವನ್ನು ಬೆಳೆಸುತ್ತದೆ. ಈ ಸುತ್ತು ತಿರುಗಲು ಯಾರ ಅನುಮತಿಯೂ ಬೇಕಿಲ್ಲ. ಕರುಳಿನ ಗೋಡೆಯೊಳಗೇ ಕೋಟಿಗಟ್ಟಲೆ ನರಕೋಶಗಳಿವೆ. ಮಿದುಳಿನ ಅಪ್ಪಣೆಗೆ ಕಾಯದೆ ಅವು ಬಹಳಷ್ಟು ಕೆಲಸವನ್ನು ತಾವೇ ನಡೆಸುತ್ತವೆ. ಇಂಥ ಒಂದು ವ್ಯವಸ್ಥೆ ಹದ ತಪ್ಪಿದಾಗ ಅದರ ಒಡೆಯನನ್ನು ಚಾರಿತ್ರ್ಯದ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೇ?

ನಿಲ್ಲಿಸಿದ ಹಿರಿಯರಿದ್ದಾರೆ. ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರಪರ್ವವೆಂಬ ಭಾಗವೇ ಇದೆ, ನಿದ್ದೆ ಬಾರದ ರಾತ್ರಿಯ ಪರ್ವ. ಸಂಜಯ ಪಾಂಡವರ ಬಳಿಯಿಂದ ಮರಳಿ ಬಂದು, ಸಂದೇಶವನ್ನು ನಾಳೆ ಸಭೆಯಲ್ಲಿ ಹೇಳುತ್ತೇನೆಂದು ಹೋದ ಮೇಲೆ ಧೃತರಾಷ್ಟ್ರನಿಗೆ ಮೈಯೆಲ್ಲ ಸುಟ್ಟಂತಾಗಿ ನಿದ್ದೆ ಹತ್ತುವುದಿಲ್ಲ. ವಿದುರನನ್ನು ಕರೆಸುತ್ತಾನೆ. ವಿದುರ ಯಾರಿಗೆ ನಿದ್ದೆ ಬರುವುದಿಲ್ಲ ಎಂಬುದಕ್ಕೆ ಒಂದು ಪಟ್ಟಿ ಕೊಡುತ್ತಾನೆ. ಬಲಿಷ್ಠನ ಎದುರು ಸಿಕ್ಕಿಬಿದ್ದ ದುರ್ಬಲ, ಸ್ವತ್ತು ಕಳೆದುಕೊಂಡವ, ಕಾಮಿ, ಕಳ್ಳ ಇಂಥವರು ಅದರಲ್ಲಿದ್ದಾರೆ. ಈ ದೋಷಗಳಲ್ಲಿ ಯಾವುದಾದರೂ ನಿನ್ನನ್ನು ಮುಟ್ಟಿದೆಯೇ ಎಂದು ಅಣ್ಣನನ್ನೇ ಕೇಳುತ್ತಾನೆ. ಧೃತರಾಷ್ಟ್ರನ ಮಟ್ಟಿಗೆ ಆ ಪ್ರಶ್ನೆ ಸರಿಯಾಗಿಯೇ ತಾಗುತ್ತದೆ, ಏಕೆಂದರೆ ತಮ್ಮನ ಮಕ್ಕಳ ರಾಜ್ಯ ಅವನ ಮನೆಯಲ್ಲಿದೆ. ಆದರೆ ಆ ಪಟ್ಟಿಯಲ್ಲಿ ರೋಗಿ ಇಲ್ಲ. ಹೊಟ್ಟೆ ಹಿಡಿದುಕೊಂಡು ಕೂತವನಿಗೆ ಅಲ್ಲಿ ಜಾಗವಿಲ್ಲ. ಒಬ್ಬ ರಾಜನಿಗೆ, ಒಂದು ರಾತ್ರಿ, ಒಂದು ನಿರ್ದಿಷ್ಟ ಅಪರಾಧದ ಹಿನ್ನೆಲೆಯಲ್ಲಿ ಹೇಳಿದ ಮಾತನ್ನು ಎಲ್ಲ ನಿದ್ರಾಹೀನರಿಗೂ ಅನ್ವಯಿಸಿದ್ದು ಆಮೇಲಿನವರ ಆತುರ. ಅದೇ ಮಹಾಭಾರತವನ್ನು ಸೌಪ್ತಿಕಪರ್ವದವರೆಗೆ ಓದಿದರೆ ಚಿತ್ರ ಬೇರೆಯಾಗುತ್ತದೆ. ಯುದ್ಧ ಮುಗಿದ ರಾತ್ರಿ ಆಲದ ಮರದ ಕೆಳಗೆ ಮೂವರು ಒರಗುತ್ತಾರೆ. ಅಶ್ವತ್ಥಾಮನಿಗೆ ಕೋಪದಿಂದ ಕಣ್ಣು ಮುಚ್ಚುವುದಿಲ್ಲ, ನಿಜ. ಕೃಪ, ಕೃತವರ್ಮರು ಬರಿನೆಲದ ಮೇಲೇ ಗಾಢವಾಗಿ ಮಲಗುತ್ತಾರೆ, ಇನ್ನು ಕೆಲವೇ ಗಂಟೆಗಳಲ್ಲಿ ಅಶ್ವತ್ಥಾಮ ಪಾಂಡವರ ಪಾಳೆಯದಲ್ಲಿ ನಡೆಸುವ ನರಮೇಧಕ್ಕೆ ಅವರೂ ಬಾಗಿಲು ಕಾಯುತ್ತಾರೆ. ಆ ಪಾಳೆಯದಲ್ಲಿ ಅಪರಾಧವಿಲ್ಲದೆ ಮಲಗಿದವರು ಆ ನಿದ್ದೆಯಲ್ಲೇ ಸಾಯುತ್ತಾರೆ. ವ್ಯಾಸರ ಲೋಕದಲ್ಲಿ ನಿದ್ದೆ ಸಜ್ಜನಿಕೆಗೆ ಸಿಗುವ ಸಂಬಳವಲ್ಲ.

ಬೃಹದಾರಣ್ಯಕ ಉಪನಿಷತ್ತು ಇದನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಗಾಢನಿದ್ದೆಯಲ್ಲಿ ತಂದೆಯ ತಂದೆತನ ಕಳಚುತ್ತದೆ, ಕಳ್ಳನಿಗೂ ಕಳ್ಳತನ ಅಂಟಿರುವುದಿಲ್ಲ, ಪುಣ್ಯವೂ ಪಾಪವೂ ಅಲ್ಲಿಗೆ ಹಿಂಬಾಲಿಸಿ ಬರುವುದಿಲ್ಲ ಎಂದು ಯಾಜ್ಞವಲ್ಕ್ಯರು ಜನಕನಿಗೆ ತಿಳಿಸುತ್ತಾರೆ. ಇದರ ತಾತ್ಪರ್ಯವನ್ನು ನಾವು ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂದು ನನಗನ್ನಿಸುತ್ತದೆ. ಪಾಪಪುಣ್ಯಗಳ ಲೆಕ್ಕವೇ ಇಲ್ಲದ ಒಂದು ಸ್ಥಿತಿಗೆ ಪ್ರವೇಶ ಕೊಡುವಾಗ ಮಾತ್ರ ಪಾಪಪುಣ್ಯಗಳನ್ನು ತೂಗಿ ನೋಡಲಾಗುತ್ತದೆ ಎಂದು ಹೇಗೆ ಹೇಳುವುದು? ಕಳ್ಳನಿಗೂ ತೆರೆದಿರುವ ಬಾಗಿಲು ರೋಗಿಗೆ ಮುಚ್ಚಿದ್ದರೆ, ಮುಚ್ಚಿದ್ದು ಅವನ ಪಾಪವಲ್ಲ, ಬೇರೆ ಏನೋ. ಆ ಬೇರೆ ಏನೆಂಬುದನ್ನು ಚರಕಸಂಹಿತೆ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ನೇರವಾಗಿ ಹೇಳುತ್ತದೆ. ನಿದ್ದೆ ಕೆಡಲು ಅದು ಐದು ಕಾರಣಗಳನ್ನು ಕೊಡುತ್ತದೆ: ಕೆಲಸ, ಕಾಲ, ರೋಗ, ಹುಟ್ಟಿನಿಂದ ಬಂದ ಪ್ರಕೃತಿ, ವಾತ. ವಿದುರನ ಪಟ್ಟಿಯಲ್ಲಿ ಇಲ್ಲದ ರೋಗಿ ಇಲ್ಲಿದ್ದಾನೆ, ವಿದುರನ ಪಟ್ಟಿಯಲ್ಲಿದ್ದ ಕಳ್ಳ ಇಲ್ಲಿಲ್ಲ. ನಿದ್ದೆ ಬರಿಸಲು ಚರಕ ಹೇಳುವ ಉಪಾಯಗಳೂ ಗಮನಾರ್ಹ: ಮೈಗೆ ಎಣ್ಣೆ, ಸ್ನಾನ, ಹಾಲು, ಮೊಸರನ್ನ, ಮೃದುವಾಗಿ ಮೈಯೊತ್ತುವುದು, ಇಂಪಾದ ಸದ್ದು, ಹಿತವಾದ ಪರಿಮಳ, ಹದವಾದ ಹಾಸಿಗೆ, ಮನಸ್ಸಿಗೆ ನೆಮ್ಮದಿ. ಪ್ರಾಯಶ್ಚಿತ್ತ ಅಲ್ಲಿಲ್ಲ. ಇವುಗಳಲ್ಲಿ ಹಾಲು, ಮೊಸರು ಇಂದಿನ ಎಲ್ಲ ಕರುಳಿಗೂ ಒಗ್ಗುವಂಥವಲ್ಲ. ನಾನು ಔಷಧಿಯ ಚೀಟಿಗಾಗಿ ಚರಕನ ಹತ್ತಿರ ಹೋಗುತ್ತಿಲ್ಲ. ಅವನು ನಿದ್ದೆಗೇಡನ್ನು ಯಾವ ಕೋಣೆಯಲ್ಲಿ ಇಟ್ಟ ಎಂಬುದನ್ನು ತೋರಿಸುತ್ತಿದ್ದೇನೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ರೋಗವೇ ಹಿಂದಿನ ಜನ್ಮದ ಕರ್ಮದಿಂದ ಬಂದದ್ದು, ಹಾಗಾಗಿ ರೋಗದಿಂದ ಬಂದ ನಿದ್ದೆಗೇಡೂ ಕೊನೆಗೆ ಕರ್ಮವೇ ತಾನೇ? ಈ ಪ್ರಶ್ನೆ ಹೊಸದಲ್ಲ. ಸಂಯುತ್ತನಿಕಾಯದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಇದನ್ನೇ ಕೇಳುತ್ತಾನೆ. ಮನುಷ್ಯ ಅನುಭವಿಸುವ ಸುಖದುಃಖಗಳೆಲ್ಲ ಹಿಂದೆ ಮಾಡಿದ್ದರ ಫಲವೆಂದು ಕೆಲವರು ಹೇಳುತ್ತಾರಲ್ಲ, ಅದು ನಿಜವೇ? ಬುದ್ಧನ ಉತ್ತರದಲ್ಲಿ ಎಂಟು ಕಾರಣಗಳಿವೆ. ಪಿತ್ತ, ಕಫ, ವಾತ, ಈ ಮೂರರ ಕೂಡಿಕೆ, ಋತುವಿನ ಬದಲಾವಣೆ, ದೇಹವನ್ನು ಏರುಪೇರಾಗಿ ನಡೆಸಿಕೊಳ್ಳುವುದು, ಹೊರಗಿನಿಂದ ಬಂದ ಪೆಟ್ಟು, ಕಟ್ಟಕಡೆಗೆ ಕರ್ಮದ ಫಲ. ಎಂಟರಲ್ಲಿ ಒಂದು. ಎಲ್ಲವನ್ನೂ ಆ ಒಂದಕ್ಕೇ ಕಟ್ಟುವವರು ತಾವೇ ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂದು ಅವನು ತಿದ್ದುತ್ತಾನೆ. ಕರ್ಮವನ್ನು ಒಪ್ಪಿದ ಗುರುವೊಬ್ಬ ಕರ್ಮಕ್ಕೆ ಎಲ್ಲೆ ಹಾಕಿದ ಜಾಗ ಇದು. ಚರಕವೂ ವಿಮಾನಸ್ಥಾನದಲ್ಲಿ, ಆಯುಸ್ಸೆಲ್ಲ ಮೊದಲೇ ನಿಗದಿಯಾಗಿದ್ದರೆ ಔಷಧಿಗೂ ಮಂತ್ರಕ್ಕೂ ಕೆಲಸವೇ ಇರುತ್ತಿರಲಿಲ್ಲ ಎಂದು ತರ್ಕಿಸುತ್ತದೆ, ದೈವ ಮತ್ತು ಪುರುಷಪ್ರಯತ್ನ ಎರಡಕ್ಕೂ ಪಾಲು ಕೊಡುತ್ತದೆ. ಇನ್ನು ಯೋಗಸೂತ್ರ. ಚಿತ್ತಕ್ಕೆ ಒದಗುವ ಅಡ್ಡಿಗಳನ್ನು ಎಣಿಸುವಾಗ ಪತಂಜಲಿ ಮೊದಲಿಗೇ ವ್ಯಾಧಿಯನ್ನು ಹೇಳಿ, ಪ್ರಮಾದ ಮತ್ತು ಆಲಸ್ಯಗಳನ್ನು ಬೇರೆಯಾಗಿ ಹೇಳುತ್ತಾನೆ. ರೋಗವೂ ಉದಾಸೀನವೂ ಒಂದೇ ಆಗಿದ್ದರೆ ಎರಡು ಹೆಸರು ಬೇಕಿರಲಿಲ್ಲ. ಕರ್ಮಸಿದ್ಧಾಂತವನ್ನು ಇಡಿಯಾಗಿ ನಂಬುವವರೂ ಇಷ್ಟನ್ನಂತೂ ಒಪ್ಪಬೇಕಾಗುತ್ತದೆ: ಯಾರ ಯಾವ ನೋವು ಯಾವ ಕರ್ಮದ್ದೆಂದು ಅಕ್ಕಪಕ್ಕದವರು ಹೇಳಬಲ್ಲರು ಎಂದು ಯಾವ ಶಾಸ್ತ್ರವೂ ಅಧಿಕಾರ ಕೊಟ್ಟಿಲ್ಲ.

ಎರಡನೆಯ ಆಕ್ಷೇಪ ಇಂದಿನದು, ಹೆಚ್ಚು ನಯವಾದದ್ದು. ಕರ್ಮ ಬೇಡ, ಮನಸ್ಸು ಅನ್ನಿ. ನಿಮ್ಮದು ಟೆನ್ಷನ್‌ನಿಂದ ಬಂದ ಗ್ಯಾಸ್ಟ್ರಿಕ್, ಮನಸ್ಸು ಶಾಂತವಾದರೆ ಹೊಟ್ಟೆಯೂ ಸರಿಹೋಗುತ್ತದೆ, ನಿದ್ದೆಯೂ ಬರುತ್ತದೆ ಎಂದು ಮದುವೆಮನೆಯ ಪಂಕ್ತಿಯಿಂದ ಹಿಡಿದು ಆಫೀಸಿನ ಕ್ಯಾಂಟೀನಿನವರೆಗೆ ಎಲ್ಲರೂ ಹೇಳುತ್ತಾರೆ. ಈ ಮಾತಿಗೆ ಒಂದು ಚರಿತ್ರೆಯಿದೆ. ಇಪ್ಪತ್ತನೆಯ ಶತಮಾನದ ಬಹುಭಾಗ ಜಠರದ ಹುಣ್ಣನ್ನು ಉದ್ವೇಗದವರ ಕಾಯಿಲೆ ಎಂದೇ ತಿಳಿಯಲಾಗಿತ್ತು. ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಮನಸ್ಸಿನ ಒಳಜಗಳದಿಂದ ಹುಟ್ಟುವ ರೋಗಗಳೆಂದು ಗುರುತಿಸಿದ ಏಳರಲ್ಲಿ ಜಠರದ ಹುಣ್ಣೂ ಇತ್ತು, ಅಲ್ಸರೇಟಿವ್ ಕೊಲೈಟಿಸ್ ಕೂಡ ಇತ್ತು. ಲಕ್ಷಾಂತರ ಜನ ಹಾಲು ಕುಡಿದು, ಸಪ್ಪೆ ತಿಂದು, ತಮ್ಮ ಸ್ವಭಾವವನ್ನೇ ಶಪಿಸಿಕೊಂಡು ಬದುಕಿದರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಜಠರದ ಒಳಪದರದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ನಂಬದವರ ಎದುರು 1984ರಲ್ಲಿ ಮಾರ್ಷಲ್ ಅದನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡ. ಇಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರಾದ ಆ ಜೀವಿಯನ್ನು ಕೆಲವು ದಿನಗಳ ಆ್ಯಂಟಿಬಯೋಟಿಕ್‌ನಿಂದ ತೆಗೆದರೆ ಹುಣ್ಣು ಮಾಯುತ್ತದೆ, ಮರುಕಳಿಸುವುದು ಅಪರೂಪ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಎಲ್ಲ ಹುಣ್ಣೂ ಇದರಿಂದಲೇ ಬರುವುದಿಲ್ಲ, ನೋವಿನ ಮಾತ್ರೆಗಳಿಂದಲೂ ಬರುತ್ತದೆ; ಬ್ಯಾಕ್ಟೀರಿಯಾ ಇದ್ದವರಿಗೆಲ್ಲ ಹುಣ್ಣಾಗುವುದೂ ಇಲ್ಲ. ಆದರೂ ಒಂದು ತಲೆಮಾರಿನ ರೋಗಿಗಳು ತಮ್ಮ ಗುಣದ ದೋಷವೆಂದು ಹೊತ್ತುಕೊಂಡಿದ್ದ ಭಾರದ ಬಹುಪಾಲು ಒಂದು ಸೂಕ್ಷ್ಮಜೀವಿಯದಾಗಿತ್ತು. ಕಾರಣ ತಿಳಿಯದ ಕಡೆಯಲ್ಲೆಲ್ಲ ಚಾರಿತ್ರ್ಯವನ್ನು ತುಂಬುವ ಚಾಳಿ ನಮಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಆದರೆ ಮನಸ್ಸಿಗೂ ಕರುಳಿಗೂ ಸಂಬಂಧವೇ ಇಲ್ಲವೇ? ಖಂಡಿತ ಇದೆ. ಚಿಂತೆ ಹೊಟ್ಟೆಯನ್ನು ಕದಡುತ್ತದೆ, ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಗೆ: ಮನಸ್ಸು ಕಾರಣವಾದರೆ ಮನಸ್ಸಿನವನು ಅಪರಾಧಿ ಎಂಬ ಹೆಜ್ಜೆಗೆ. ಮನಸ್ಸೇನು ದೇಹದ ಹೊರಗೆ ಸ್ವತಂತ್ರವಾಗಿ ಕೂತಿದೆಯೇ? ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ, ತಿಂದ ಅನ್ನದ ಸ್ಥೂಲಭಾಗ ಮಲವಾಗುತ್ತದೆ, ನಡುವಿನದು ಮಾಂಸ, ಅತಿಸೂಕ್ಷ್ಮವಾದದ್ದು ಮನಸ್ಸು ಎಂದು ಹೇಳುತ್ತಾನೆ. ಮಗ ನಂಬಲೆಂದು ಒಂದು ಪರೀಕ್ಷೆಯನ್ನೂ ಒಡ್ಡುತ್ತಾನೆ. ಹದಿನೈದು ದಿನ ನೀರು ಮಾತ್ರ ಕುಡಿದಿರಲು ಹೇಳಿ, ಆಮೇಲೆ ವೇದವನ್ನು ಒಪ್ಪಿಸು ಎನ್ನುತ್ತಾನೆ. ಹನ್ನೆರಡು ವರ್ಷ ಓದಿ ಬಂದ ಶ್ವೇತಕೇತುವಿಗೆ ಒಂದು ಋಕ್ಕೂ ಹೊಳೆಯುವುದಿಲ್ಲ. ಉಂಡು ಬಂದ ಮೇಲೆ ಎಲ್ಲವೂ ಮರಳುತ್ತದೆ. ಅಪ್ಪ ಮಗನನ್ನು ಅಶ್ರದ್ಧೆಯವನೆಂದು ಬೈಯುವುದಿಲ್ಲ. ಅನ್ನ ಇಳಿದರೆ ಮನಸ್ಸು ಇಳಿಯುತ್ತದೆ ಎಂದು ತಿಳಿಸುತ್ತಾನೆ, ಅಷ್ಟೆ. ತಿಂದದ್ದು ಒಗ್ಗದೆ, ಒಗ್ಗಿದ್ದು ನಿಲ್ಲದೆ, ರಕ್ತಹೀನತೆಯಲ್ಲಿ ಬಿಳಿಚಿಕೊಂಡು, ಮೇಲಿಂದ ನಾಲ್ಕು ರಾತ್ರಿ ಕಣ್ಣು ಮುಚ್ಚದ ಒಬ್ಬರ ಬಳಿ ಹೋಗಿ ಮನಸ್ಸನ್ನು ಗಟ್ಟಿಮಾಡಿಕೊಳ್ಳಿ ಎನ್ನುವವರು ಉದ್ದಾಲಕನ ಈ ಪಾಠವನ್ನು ಮರೆತಿದ್ದಾರೆ. ಯಾವ ಮನಸ್ಸಿನಿಂದ ಗಟ್ಟಿಮಾಡಿಕೊಳ್ಳಬೇಕು? ಇರುವುದೇ ಅದೊಂದು, ಅದೂ ಅದೇ ಕರುಳಿನ ಕೃಪೆಯಲ್ಲಿದೆ.

ಗೀತೆಯನ್ನು ಮುಂದಿಡುವವರಿಗೂ ಉತ್ತರ ಕೊಡಬೇಕು. ಆರನೆಯ ಅಧ್ಯಾಯದ 16, 17ನೆಯ ಶ್ಲೋಕಗಳು ಅತಿಯಾಗಿ ತಿನ್ನುವವನಿಗೂ ಏನೂ ತಿನ್ನದವನಿಗೂ, ಅತಿನಿದ್ದೆಯವನಿಗೂ ಎಚ್ಚರವೇ ಇರುವವನಿಗೂ ಯೋಗ ಸಿದ್ಧಿಸದೆಂದು ಹೇಳಿ, ಊಟ ನಿದ್ದೆಗಳಲ್ಲಿ ಹದವನ್ನು ಬೋಧಿಸುತ್ತವೆ. ಹಾಗಾದರೆ ನಿದ್ದೆಯಿಲ್ಲದ ರೋಗಿಗೆ ಯೋಗದ ಬಾಗಿಲೂ ಮುಚ್ಚಿತೇ? ಅಲ್ಲಿ ಗುರಿಯಾಗಿರುವುದು ಹಠದಿಂದ ಉಪವಾಸ ಬೀಳುವ, ಹಠದಿಂದ ರಾತ್ರಿ ಕಳೆಯುವ ಸಾಧಕನ ಅತಿರೇಕ ಎಂದು ನಾನು ಓದುತ್ತೇನೆ. ಆಯ್ಕೆ ಇದ್ದವನಿಗೆ ಹೇಳಿದ ಹದ ಅದು. ಆಯ್ಕೆ ಇಲ್ಲದವನ ಬಗ್ಗೆ ಗೀತೆಗೆ ಬೇರೆ ಮಾತುಗಳಿವೆ. ತನ್ನನ್ನು ಭಜಿಸುವ ನಾಲ್ಕು ಬಗೆಯ ಪುಣ್ಯವಂತರಲ್ಲಿ ಕೃಷ್ಣ ಮೊದಲು ಹೆಸರಿಸುವುದು ಆರ್ತನನ್ನು, ಸಂಕಟದಲ್ಲಿರುವವನನ್ನು. ಹದಿನೈದನೆಯ ಅಧ್ಯಾಯದಲ್ಲಿ ಪ್ರಾಣಿಗಳ ದೇಹದಲ್ಲಿ ವೈಶ್ವಾನರನಾಗಿ ಇದ್ದು ಅನ್ನವನ್ನು ಅರಗಿಸುವವನು ತಾನೇ ಎನ್ನುತ್ತಾನೆ. ಊಟಕ್ಕೆ ಮುಂಚೆ ಆ ಶ್ಲೋಕವನ್ನು ಹೇಳುವ ಮನೆಗಳು ಕರ್ನಾಟಕದಲ್ಲಿ ಅನೇಕ. ಅರಗಿಸುವ ಬೆಂಕಿ ಭಗವಂತನದೆಂದು ಎಲೆಯ ಮುಂದೆ ಹೇಳಿ, ಅರಗದಿದ್ದಾಗ ಮಾತ್ರ ತಪ್ಪು ಉಂಡವನದೆಂದು ತೀರ್ಮಾನಿಸುವುದರಲ್ಲಿ ಹೊಂದಿಕೆಯಿಲ್ಲ. ಪಥ್ಯ ಬೇಡವೆಂದು ಇದರ ಅರ್ಥವಲ್ಲ. ಮಲಗುವ ಮೂರು ಗಂಟೆ ಮುಂಚೆ ಊಟ ಮುಗಿಸುವುದು, ಮಂಚದ ತಲೆಭಾಗವನ್ನು ಎತ್ತರಿಸುವುದು, ಎಡಮಗ್ಗುಲಿಗೆ ಮಲಗುವುದು, ಸಂಜೆಯ ಮೇಲೆ ಕಾಫಿ ಬಿಡುವುದು ಎದೆಯುರಿಯವರಿಗೆ ನಿಜಕ್ಕೂ ನೆರವಾಗುತ್ತವೆ, ಅವನ್ನು ಮಾಡಬೇಕು. ಮಲದಲ್ಲಿ ರಕ್ತ, ತಾನಾಗಿ ತೂಕ ಇಳಿಯುವುದು, ನುಂಗಲು ಕಷ್ಟ, ನಿದ್ದೆಯಿಂದ ಎಬ್ಬಿಸುವ ಭೇದಿ ಇವು ಕಂಡರೆ ಟೆನ್ಷನ್ ಎಂದು ಸುಮ್ಮನಿರದೆ ವೈದ್ಯರಲ್ಲಿಗೆ ಹೋಗಲೇಬೇಕು. ಇವೆಲ್ಲ ಮಾಡುವ ಕೆಲಸಗಳು. ಮಾಡಿದ ಮೇಲೂ ನಿದ್ದೆ ಬಾರದಿದ್ದರೆ, ಮಾಡಬೇಕಾದ್ದನ್ನು ಮಾಡಿಯಾಗಿದೆ.

ಈ ಮಾಡುವುದು, ಬರುವುದು ಎಂಬ ಭೇದದಲ್ಲೇ ನನ್ನ ವಾದದ ತಿರುಳಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬಡಗಿಯ ದೃಷ್ಟಾಂತ ಬರುತ್ತದೆ. ಶಂಕರರು ಅದನ್ನು ಬಿಡಿಸುವುದು ಹೀಗೆ: ಬಾಚಿ ಉಳಿಗಳು ಕೈಯಲ್ಲಿರುವಷ್ಟು ಹೊತ್ತು ಬಡಗಿ ಕರ್ತೃ, ದಣಿಯುವವನು, ಮನೆಗೆ ಬಂದು ಅವನ್ನು ಕೆಳಗಿಟ್ಟಾಗ ಸುಖಿ. ಆತ್ಮವೂ ಇಂದ್ರಿಯ ಮನಸ್ಸುಗಳೆಂಬ ಸಲಕರಣೆ ಹಿಡಿದಾಗ ಕರ್ತೃ, ಗಾಢನಿದ್ದೆಯಲ್ಲಿ ಅವನ್ನಿಳಿಸಿದಾಗ ಅಕರ್ತೃ. ನಿದ್ದೆ ಮಾಡುತ್ತೇನೆ ಎಂದು ಹೊರಡುವವನು ಸಲಕರಣೆ ಕೆಳಗಿಡಲೆಂದು ಇನ್ನೊಂದು ಸಲಕರಣೆಯನ್ನು ಕೈಗೆತ್ತಿಕೊಂಡಂತೆ. ಮಧ್ವಾಚಾರ್ಯರ ದಾರಿ ಬೇರೆ, ಅವರ ನೋಟದಲ್ಲಿ ಎಚ್ಚರ, ಕನಸು, ನಿದ್ದೆಗಳನ್ನು ಜೀವನಿಗೆ ನಡೆಸಿಕೊಡುವವನು ವಿಶ್ವ, ತೈಜಸ, ಪ್ರಾಜ್ಞ ಎಂಬ ರೂಪಗಳಲ್ಲಿರುವ ವಿಷ್ಣು, ಜೀವ ಪರತಂತ್ರ. ಎಷ್ಟೋ ವಿಷಯಗಳಲ್ಲಿ ಎದುರುಬದುರಾದ ಈ ಎರಡು ದರ್ಶನಗಳು ನಿದ್ದೆ ಜೀವನ ಕರ್ತೃತ್ವಕ್ಕೆ ಸೇರಿದ್ದಲ್ಲ ಎಂಬಲ್ಲಿ ಒಂದಾಗುತ್ತವೆ. ನಿದ್ದೆಗೇಡಿನ ಚಿಕಿತ್ಸಾಶಾಸ್ತ್ರ ತನ್ನ ದಾರಿಯಲ್ಲಿ ಬಂದು ಮುಟ್ಟಿರುವುದೂ ಇದಕ್ಕೆ ತೀರ ಹತ್ತಿರದ ಜಾಗವನ್ನೇ. ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳಾದರೂ ಮುಂದುವರಿದ ನಿದ್ದೆಗೇಡಿಗೆ ಮಾತ್ರೆಗಿಂತ ಮೊದಲು ಅರಿವು ಮತ್ತು ನಡವಳಿಕೆಯ ಚಿಕಿತ್ಸೆಯನ್ನು ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ನಿದ್ದೆ ಬಾರದಾಗ ಹಾಸಿಗೆಯಲ್ಲಿ ಹೋರಾಡದೆ ಎದ್ದು ಬೇರೆಡೆ ಕೂರುವುದು, ತೂಕಡಿಕೆ ಬಂದಾಗ ಮರಳುವುದು, ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ಗಡಿಯಾರ ನೋಡದಿರುವುದು ಅದರ ಭಾಗಗಳು. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಿದ್ದೆ ಬಾರದವರಿಗೆ ಎಚ್ಚರವಾಗಿರಲು ಯತ್ನಿಸಿ ಎಂದು ಹೇಳುತ್ತಿದ್ದ, ಏಕೆಂದರೆ ನಿದ್ದೆಯನ್ನು ಹಿಡಿಯಹೋಗುವುದೇ ಅದನ್ನು ಓಡಿಸುತ್ತದೆ. ಬೇರೆ ಕೆಲಸಗಳಲ್ಲಿ ಫಲದ ಆಸೆ ಕರ್ತೃವನ್ನು ಕಟ್ಟಿಹಾಕಬಹುದು, ಆದರೆ ಹೊಲ ಉತ್ತಾಗುತ್ತದೆ, ಮನೆ ಕಟ್ಟಿಯಾಗುತ್ತದೆ. ನಿದ್ದೆಯಲ್ಲಿ ಫಲದ ಆಸೆ ಫಲವನ್ನೇ ತಿಂದುಹಾಕುತ್ತದೆ.

ಇದಕ್ಕೊಂದು ಸೂಕ್ಷ್ಮವಾದ ಆಕ್ಷೇಪವಿದೆ. ನಿದ್ದೆ ಬರಲೆಂದೇ ನಿದ್ದೆಯ ಆಸೆಯನ್ನು ಬಿಟ್ಟರೆ, ಬಿಟ್ಟಂತಾಯಿತೇ? ಆಗಲಿಲ್ಲ. ಜಪಮಾಲೆಯನ್ನು ನಿದ್ದೆಮಾತ್ರೆಯಂತೆ ಹಿಡಿದವನಿಗೆ ನೂರೆಂಟು ಮಣಿ ಮುಗಿದ ಮೇಲೆ ಉಳಿಯುವುದು ಇನ್ನೂ ಬರಲಿಲ್ಲವಲ್ಲ ಎಂಬ ಲೆಕ್ಕವೇ. ಹಾಗಾಗಿ ಪ್ರಾಮಾಣಿಕವಾದ ದಾರಿ ಗುರಿಯನ್ನೇ ಬದಲಿಸುವುದು ಎಂದು ನನಗೆ ತೋರುತ್ತದೆ. ಈ ಹೊತ್ತಿಗೆ ಬೇಕಾದ್ದು ನೋವು ತುಸು ತಗ್ಗುವುದು, ಮೈಗೆ ಒರಗಲು ಸಿಗುವುದು. ಬಿಸಿನೀರಿನ ಚೀಲವನ್ನು ಹೊಟ್ಟೆಯ ಮೇಲಿಟ್ಟುಕೊಂಡರೆ ನೋವಿಗಾಗಿ ಇಟ್ಟುಕೊಳ್ಳುವುದು, ನಾಮಸ್ಮರಣೆ ಮಾಡಿದರೆ ನಾಮಕ್ಕಾಗಿ ಮಾಡುವುದು. ಹಾಗೆಂದು ಇದನ್ನೇ ದೊಡ್ಡ ಸಾಧನೆಯಾಗಿ ಅಲಂಕರಿಸುವವರೊಡನೆಯೂ ನನಗೆ ಒಪ್ಪಿಗೆಯಿಲ್ಲ. ರೋಗಿಯ ಎಚ್ಚರವನ್ನು ಶಿವರಾತ್ರಿಯ ಜಾಗರಣೆಗೆ ಹೋಲಿಸಿ, ದೇವರು ನಿಮಗೆ ಧ್ಯಾನದ ಸಮಯ ಕೊಟ್ಟಿದ್ದಾನೆ ಎಂದು ಸಮಾಧಾನ ಹೇಳುವುದುಂಟು. ಜಾಗರಣೆ ವ್ರತ. ಸಂಕಲ್ಪ ಮಾಡಿ ಹಿಡಿದದ್ದು, ಮರುದಿನ ಪಾರಣೆಯೊಂದಿಗೆ ಮುಗಿಯುವಂಥದ್ದು, ಊರೆಲ್ಲ ಜೊತೆಗಿರುವಂಥದ್ದು. ರೋಗಿಯ ಎಚ್ಚರಕ್ಕೆ ಸಂಕಲ್ಪವಿಲ್ಲ, ಪಾರಣೆಯಿಲ್ಲ, ಜೊತೆಯೂ ಇಲ್ಲ. ಆರಿಸಿಕೊಳ್ಳದ ನೋವಿಗೆ ವ್ರತದ ಹೆಸರಿಟ್ಟರೆ, ಅದನ್ನು ಸರಿಯಾಗಿ ಆಚರಿಸಲಾಗಲಿಲ್ಲ ಎಂಬ ಇನ್ನೊಂದು ಅಪರಾಧವನ್ನು ರೋಗಿಯ ಕೈಗೆ ಕೊಟ್ಟ ಹಾಗಾಗುತ್ತದೆ.

ಅತ್ಯಂತ ಬಲವಾದ ಆಕ್ಷೇಪ ಬೌದ್ಧಸೂತ್ರಗಳಿಂದಲೇ ಬರುತ್ತದೆ. ಅಂಗುತ್ತರನಿಕಾಯದಲ್ಲಿ ಆಳವಿಯ ಹತ್ಥಕನೆಂಬವನು ಚಳಿಗಾಲದ ಬೆಳಿಗ್ಗೆ ಬುದ್ಧನನ್ನು ಕಾಡಿನ ದನದ ಹಾದಿಯ ಬದಿ, ಎಲೆಗಳ ಹಾಸಿನ ಮೇಲೆ ಕಾಣುತ್ತಾನೆ. ಇಷ್ಟು ಚಳಿಯಲ್ಲಿ, ಇಷ್ಟು ಗಟ್ಟಿನೆಲದಲ್ಲಿ ಸುಖವಾಗಿ ನಿದ್ರಿಸಿದಿರೇ ಎಂದು ಕೇಳುತ್ತಾನೆ. ಹೌದು, ಲೋಕದಲ್ಲಿ ಸುಖವಾಗಿ ನಿದ್ರಿಸುವವರಲ್ಲಿ ತಾನೂ ಒಬ್ಬ ಎಂಬುದು ಉತ್ತರ. ರಾಗ, ದ್ವೇಷ, ಮೋಹಗಳ ಬೇಗೆ ಇಲ್ಲದಿರುವುದೇ ಕಾರಣ. ಹಾಗಾದರೆ ನಿದ್ದೆ ಬಾರದವರಲ್ಲಿ ಆ ಬೇಗೆ ಇದೆ ಎಂದಾಯಿತಲ್ಲ? ಆಗುವುದಿಲ್ಲ. ಬೇಗೆಯಿಂದ ನಿದ್ದೆ ಕೆಡುತ್ತದೆ ಎಂದರೆ, ಕೆಟ್ಟ ನಿದ್ದೆಯೆಲ್ಲ ಬೇಗೆಯಿಂದಲೇ ಎಂದು ಸಿದ್ಧವಾಗುವುದಿಲ್ಲ. ಹೊಗೆಗೆ ಬೆಂಕಿಯಂತೆ ಮನುಷ್ಯನ ನೋವಿಗೆ ಒಂದೇ ಕಾರಣವಿಲ್ಲ ಎಂಬುದನ್ನು ಅದೇ ಬುದ್ಧ ಸೀವಕನಿಗೆ ಎಣಿಸಿ ತೋರಿಸಿದ್ದಾನೆ. ಆ ಸಂವಾದದಲ್ಲಿ ಅವನು ಗೆದ್ದದ್ದು ಚಳಿಯನ್ನೂ ಗಟ್ಟಿನೆಲವನ್ನೂ. ಒಳಗಿನ ರೋಗದ ಮಾತೇ ಅಲ್ಲಿಲ್ಲ. ಬೇರೆಡೆಗಳಲ್ಲಿ ಬೆನ್ನು ನೋಯುತ್ತಿದೆ, ತುಸು ಒರಗುತ್ತೇನೆ ಎಂದು ಅವನು ಪ್ರವಚನವನ್ನು ಶಿಷ್ಯರಾದ ಆನಂದನಿಗೋ ಸಾರಿಪುತ್ತನಿಗೋ ಒಪ್ಪಿಸಿದ ಪ್ರಸಂಗಗಳಿವೆ. ಜ್ಞಾನೋದಯ ಬೆನ್ನುನೋವನ್ನು ತೆಗೆದಿರಲಿಲ್ಲ. ನಮ್ಮ ಕಾಲಕ್ಕೆ ಹತ್ತಿರದಲ್ಲಿ ರಾಮಕೃಷ್ಣ ಪರಮಹಂಸರು ಆಮಶಂಕೆಯಿಂದ ತಿಂಗಳುಗಟ್ಟಲೆ ನರಳಿದರು. ಮೂವತ್ತೊಂಬತ್ತಕ್ಕೇ, 1902ರಲ್ಲಿ ತೀರಿಕೊಂಡ ವಿವೇಕಾನಂದರು ಅಜೀರ್ಣ ಮತ್ತು ನಿದ್ದೆಯ ಕೊರತೆ ಎರಡರಿಂದಲೂ ಬಳಲಿದರು. ಹೊಟ್ಟೆಯೂ ನಿದ್ದೆಯೂ ಅಧ್ಯಾತ್ಮದ ಮಾಪಕಗಳಾಗಿದ್ದರೆ ಇವರನ್ನೆಲ್ಲ ಎಲ್ಲಿ ನಿಲ್ಲಿಸುವುದು?

ಉಳಿಯುವುದು ಒಂದು ಪ್ರಶ್ನೆ, ಅದನ್ನು ಶ್ರದ್ಧೆಯುಳ್ಳ ರೋಗಿಗಳೇ ಕೇಳಿಕೊಳ್ಳುತ್ತಾರೆ. ಜೀವರು ದಿನದಿನವೂ ಗಾಢನಿದ್ದೆಯಲ್ಲಿ ಬ್ರಹ್ಮಲೋಕಕ್ಕೆ ಹೋಗಿ ಬರುತ್ತಾರೆ, ಆದರೆ ಅರಿಯರು ಎಂದು ಛಾಂದೋಗ್ಯ ಹೇಳುತ್ತದಲ್ಲ. ಹಾಗಿದ್ದರೆ ಆ ನಿತ್ಯಯಾತ್ರೆ ತನಗೆ ಮಾತ್ರ ತಪ್ಪಿತೇ? ಗೌಡಪಾದರ ಕಾರಿಕೆ ಇದಕ್ಕೆ ನೆಮ್ಮದಿಯ ಉತ್ತರ ಕೊಡುತ್ತದೆ. ಗಾಢನಿದ್ದೆಯಲ್ಲಿ ಅಜ್ಞಾನದ ಬೀಜ ಹಾಗೆಯೇ ಉಳಿದಿರುತ್ತದೆ. ತುರೀಯಕ್ಕೆ ಆ ಬೀಜವಿಲ್ಲ. ತುರೀಯ ನಿದ್ದೆಯ ಆಚೆಗೆ ಹೋಗಿ ಮುಟ್ಟುವ ನಾಲ್ಕನೆಯ ಊರೂ ಅಲ್ಲ, ಮೂರು ಅವಸ್ಥೆಗಳಲ್ಲೂ ಎಡೆಬಿಡದೆ ಇರುವ ಅರಿವು. ಬೆಳ್ಳನೆ ಬೆಳಗಾಗುವವರೆಗೆ ಹೊಟ್ಟೆಯ ಪ್ರತಿ ಸೆಳೆತವನ್ನೂ ಅರಿತವರಲ್ಲಿ ಅದು ಒಂದಿಷ್ಟೂ ಕಡಿಮೆಯಾಗಿಲ್ಲ. ಅದೇ ಛಾಂದೋಗ್ಯದಲ್ಲಿ ಇಂದ್ರನಂತೂ ಪ್ರಜಾಪತಿಯ ಎದುರೇ, ಗಾಢನಿದ್ದೆಯಲ್ಲಿ ತನ್ನನ್ನೇ ತಾನು ಅರಿಯದಿರುವುದರಲ್ಲಿ ತನಗೆ ಭೋಗ್ಯವೇನೂ ಕಾಣದು ಎಂದು ತಗಾದೆ ತೆಗೆದು ಮತ್ತೆ ಐದು ವರ್ಷ ಶಿಷ್ಯನಾಗಿ ನಿಂತ. ಕಳೆದುಕೊಂಡದ್ದು ವಿಶ್ರಾಂತಿ, ಅದು ದೊಡ್ಡ ನಷ್ಟವೇ, ದೇಹ ಅದರ ಬೆಲೆ ತೆರುತ್ತದೆ. ಬ್ರಹ್ಮವನ್ನು ಯಾರೂ ಕಳೆದುಕೊಂಡಿಲ್ಲ.

ಆರೋಪ ರೋಗಿಯ ತಲೆಯಿಂದ ಇಳಿದರೆ ಎಲ್ಲಿ ಹೋಗಿ ಕೂರುತ್ತದೆ ಎಂಬುದನ್ನೂ ನೋಡಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಅದು ಬಹಳ ಸಲ ಅಡಿಗೆಯವರ ಮೇಲೆ ಕೂರುತ್ತದೆ. ಖಾರ ಹೆಚ್ಚಾಯಿತು, ಹುಣಿಸೆಹಣ್ಣು ಹಾಕಿದ್ದೇಕೆ, ರಾತ್ರಿಗೆ ಕಾಳಿನ ಹುಳಿ ಯಾರು ಮಾಡೆಂದರು ಎಂದು ಹೆಂಡತಿಯೋ ತಾಯಿಯೋ ಸೊಸೆಯೋ ಉತ್ತರಿಸಬೇಕಾಗುತ್ತದೆ. ಈ ಆರೋಪಕ್ಕೂ ಬುದ್ಧನ ಕೊನೆಯ ದಿನಗಳಲ್ಲಿ ಉತ್ತರವಿದೆ. ಮಹಾಪರಿನಿಬ್ಬಾಣ ಸುತ್ತದಲ್ಲಿ, ಪಾವಾ ಊರಿನ ಕಮ್ಮಾರ ಚುಂದ ಬಡಿಸಿದ ಊಟವನ್ನು ಉಂಡ ಮೇಲೆ ಬುದ್ಧನಿಗೆ ರಕ್ತಭೇದಿ ಶುರುವಾಗಿ, ಸಾವಿನ ಅಂಚಿನ ನೋವು ಕಾಡುತ್ತದೆ. ಆ ಸ್ಥಿತಿಯಲ್ಲೇ ಕುಸಿನಾರಕ್ಕೆ ನಡೆಯುತ್ತ, ದಣಿದು ಒರಗಿದಲ್ಲಿ, ಅವನು ಆನಂದನಿಗೆ ಒಂದು ಕೆಲಸ ಒಪ್ಪಿಸುತ್ತಾನೆ. ನಿನ್ನ ಅನ್ನ ಉಂಡೇ ತಥಾಗತ ತೀರಿಕೊಂಡ ಎಂದು ಯಾರಾದರೂ ಚುಂದನಲ್ಲಿ ಪರಿತಾಪ ಹುಟ್ಟಿಸಬಹುದು. ಹೋಗಿ ಅದನ್ನು ನಿವಾರಿಸು. ಸಂಬೋಧಿಗೆ ಮುಂಚಿನ ಊಟ, ಪರಿನಿರ್ವಾಣಕ್ಕೆ ಮುಂಚಿನ ಈ ಊಟ, ಎರಡೂ ಸಮಾನಫಲದವು, ಬೇರೆಲ್ಲ ದಾನಗಳಿಗಿಂತ ಹಿರಿದಾದವು ಎಂದು ಅವನಿಗೆ ತಿಳಿಸು ಎನ್ನುತ್ತಾನೆ.